ಗಣಿ ಮುಚ್ಚಿದ ಊರಿನಲ್ಲಿ ಉಳಿಸಬೇಕಾದ್ದು ಏನು? ಕೆಜಿಎಫ್ ಜನರ ನೆನಪು ಮತ್ತು ಅದನ್ನು ಕೂಡಿಡುವ ಬಗೆ

ಬೆಂಗಳೂರಿನ ಬೀದಿಗೆ ಕರೆಂಟ್ ದೀಪ ಬಂದದ್ದು 1905ರಲ್ಲಿ. ಅದಕ್ಕೆ ಮೂರು ವರ್ಷ ಮೊದಲೇ, 1902ರಲ್ಲಿ, ಕಾವೇರಿಯ ಶಿವನಸಮುದ್ರದಿಂದ ಹೊರಟ ವಿದ್ಯುತ್ ಸುಮಾರು 150 ಕಿಲೋಮೀಟರ್ ತಂತಿ ದಾಟಿ ಕೋಲಾರದ ಚಿನ್ನದ ಗಣಿ ಮುಟ್ಟಿತ್ತು. ಕೆಜಿಎಫ್ (ಕೋಲಾರ್ ಗೋಲ್ಡ್ ಫೀಲ್ಡ್ಸ್) ಬಗ್ಗೆ ಮಾತು ತೆಗೆದರೆ ಎಲ್ಲರೂ ಮೊದಲು ಹೇಳುವುದು ಇದನ್ನೇ. ಆಮೇಲೆ ಚಿನ್ನದ ತೂಕ ಬರುತ್ತದೆ: ಸುಮಾರು 120 ವರ್ಷಗಳಲ್ಲಿ 800 ಟನ್‌ಗೂ ಜಾಸ್ತಿ. ಆಮೇಲೆ ಗಣಿಯ ಆಳ: 3 ಕಿಲೋಮೀಟರ್ ದಾಟಿತ್ತು. ಈಗೀಗ ಇವೆಲ್ಲಕ್ಕಿಂತ ಮೊದಲು ಸಿನಿಮಾ ಬರುತ್ತದೆ.

ಇಷ್ಟು ಹೇಳಿದರೂ ಆ ಊರಿನಲ್ಲಿ ಬದುಕಿದವರ ಬಗ್ಗೆ ಏನೂ ಹೇಳಿದಂತಾಗಲಿಲ್ಲ. ಕರೆಂಟ್ ಬಂದದ್ದು ಗಣಿಯ ಯಂತ್ರಕ್ಕೆ. ಕಾರ್ಮಿಕರ ಲೈನ್ ಮನೆಯೊಳಗೆ ಮೊದಲ ಬಲ್ಬ್ ಉರಿದದ್ದು ಯಾವಾಗ? ಅದಕ್ಕೆ ಮುಂಚೆ ಸೀಮೆಎಣ್ಣೆ ಎಲ್ಲಿಂದ ತರುತ್ತಿದ್ದರು? ರಾತ್ರಿ ಪಾಳಿ ಮುಗಿಸಿ ಬಂದ ಗಂಡಸು ಹಗಲಲ್ಲಿ ಮಲಗಬೇಕಾದರೆ, ಒಂದೇ ಕೋಣೆಯ ಮನೆಯಲ್ಲಿ ಮಕ್ಕಳು ಎಲ್ಲಿಗೆ ಹೋಗುತ್ತಿದ್ದರು? ಇಂಥ ಪ್ರಶ್ನೆಗೆ ಕಂಪನಿಯ ಕಡತದಲ್ಲಿ ಉತ್ತರ ಹುಡುಕಿ ಪ್ರಯೋಜನವಿಲ್ಲ. ಅದು ಇರುವುದು ಜನರ ತಲೆಯಲ್ಲಿ, ಟ್ರಂಕಿನಲ್ಲಿ, ಹಳೇ ಆಲ್ಬಮ್ಮಿನಲ್ಲಿ.

ಗಣಿ ನಿಂತದ್ದು 2001ರ ಫೆಬ್ರುವರಿ 28ಕ್ಕೆ. 1970ರ ಸುಮಾರಿಗೆ ಇಪ್ಪತ್ತನೇ ವಯಸ್ಸಿನಲ್ಲಿ ಕೇಜ್ (ಗಣಿಯ ಲಿಫ್ಟ್) ಹತ್ತಿ ಕೆಳಗಿಳಿದವರಿಗೆ ಈಗ 75 ದಾಟಿದೆ. ಗಣಿಯ ದೂಳು ಕುಡಿದ ಶ್ವಾಸಕೋಶ ಅಷ್ಟು ವರ್ಷ ಎಲ್ಲರನ್ನೂ ಬದುಕಲು ಬಿಡುವುದಿಲ್ಲ. ಹಾಗಾಗಿ ಈ ಕೆಲಸಕ್ಕೆ ಇನ್ನು ಹೆಚ್ಚು ಸಮಯವಿಲ್ಲ. ಆದರೆ ಅವಸರದಲ್ಲಿ ಮೊಬೈಲ್ ಹಿಡಿದು ಹೊರಟರೂ ಪ್ರಯೋಜನವಾಗುವುದಿಲ್ಲ. ನೆನಪು ಕೂಡಿಡುವುದಕ್ಕೂ ಒಂದು ಕ್ರಮವಿದೆ. ಅದನ್ನು ಕೆಜಿಎಫ್‌ನ್ನೇ ಇಟ್ಟುಕೊಂಡು ನೋಡೋಣ.

ಕಾನೂನು ಕಾಯುವುದು ಏನನ್ನು?

ಪರಂಪರೆ ಎಂದರೆ ನಮ್ಮಲ್ಲಿ ಹೆಚ್ಚಿನವರಿಗೆ ನೆನಪಾಗುವುದು ಗುಡಿ, ಕೋಟೆ, ಶಾಸನ. ಕಾನೂನಿನ ಮನಸ್ಸೂ ಹಾಗೇ ಇದೆ. ಕೇಂದ್ರದ 1958ರ ಪ್ರಾಚೀನ ಸ್ಮಾರಕಗಳ ಕಾಯಿದೆಯಲ್ಲಿ ಸ್ಮಾರಕ ಎನಿಸಿಕೊಳ್ಳಲು ಕಡಿಮೆ ಎಂದರೂ 100 ವರ್ಷ ಆಗಿರಬೇಕು. ಕರ್ನಾಟಕಕ್ಕೆ 1961ರ ತನ್ನದೇ ಕಾಯಿದೆ ಇದೆ. ನೂರು ವರ್ಷ ತುಂಬಿದ ಮಾತ್ರಕ್ಕೆ ರಕ್ಷಣೆ ತಾನಾಗಿ ಸಿಗುವುದಿಲ್ಲ. ಸರ್ಕಾರ ಗುರುತಿಸಬೇಕು, ಘೋಷಿಸಬೇಕು. ತಗಡಿನ ಮಾಡು, ಮಣ್ಣಿನ ಗೋಡೆಯ ಕಾರ್ಮಿಕರ ಲೈನಿಗೆ ಆ ಭಾಗ್ಯ ಬರುವುದು ಕಷ್ಟ.

ಕೆಜಿಎಫ್ ಹತ್ತಿರದ ಪೆದ್ದಪಲ್ಲಿಯಲ್ಲಿ ಲಾವಾ ನೀರಿನೊಳಗೆ ಹೆಪ್ಪುಗಟ್ಟಿ ದಿಂಬಿನ ಆಕಾರ ಪಡೆದ ಬಂಡೆಗಳಿವೆ. ನೂರಾರು ಕೋಟಿ ವರ್ಷ ಹಳೆಯವು. ಅವನ್ನು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಎಂದು ಗುರುತಿಸಿದೆ. ಒಳ್ಳೆಯದೇ. ಆದರೆ ಅದೇ ಬಂಡೆಯ ಪಟ್ಟಿಯನ್ನು ಮೂರು ತಲೆಮಾರು ಕೊರೆದವರ ಕೈ ಕಸುಬಿಗೆ ಅಂಥ ಒಂದು ಫಲಕ ಎಲ್ಲಿ ನೆಡುತ್ತೀರಿ? ಕಣ್ಣಿಗೆ ಕಾಣದ ಪರಂಪರೆಗೆಂದೇ ಯುನೆಸ್ಕೊದ 2003ರ ಒಪ್ಪಂದವಿದೆ, ಭಾರತ 2005ರಲ್ಲಿ ಅದನ್ನು ಒಪ್ಪಿಕೊಂಡಿದೆ. ಅದರ ಗಮನ ಈಗಲೂ ಜೀವಂತವಾಗಿರುವ ಕಲೆ, ಆಚರಣೆ, ಕೌಶಲಗಳ ಕಡೆಗೆ. ಮುಚ್ಚಿಹೋದ ಗಣಿಯ ಕೆಲಸ ಆ ಚೌಕಟ್ಟಿನಲ್ಲಿ ಸುಲಭವಾಗಿ ಕೂರುವುದಿಲ್ಲ.

ಹಾಗಾದರೆ ಉಳಿಯುವ ದಾರಿ ಒಂದೇ. ಊರಿನವರೇ ತಮ್ಮ ನೆನಪನ್ನು ಒಟ್ಟುಗೂಡಿಸಬೇಕು. ಇಲ್ಲಿ ಒಟ್ಟುಗೂಡಿಸುವುದು ಎಂದರೆ ಕತೆಗಳನ್ನು ರಾಶಿ ಹಾಕುವುದು ಎಂದುಕೊಳ್ಳಬೇಡಿ. ಒಂದು ನೆನಪನ್ನು ಒಂದು ಜಾಗಕ್ಕೆ, ಒಂದು ಕಾಲಕ್ಕೆ, ಇನ್ನೊಬ್ಬರ ಮಾತಿಗೆ ಕಟ್ಟಿಹಾಕುವುದೇ ಈ ಕೆಲಸದ ತಿರುಳು. ಹಾಗೆ ಕಟ್ಟದೆ ಬಿಟ್ಟರೆ ಮುಂದಿನ ತಲೆಮಾರಿಗೆ ಅದು ಬರೀ ‘ಆ ಕಾಲದಲ್ಲಿ ಹಂಗಿತ್ತಂತೆ’ ಆಗಿಬಿಡುತ್ತದೆ.

ನೆನಪು ಒಬ್ಬರದಲ್ಲ ಎನ್ನುವುದು ಹೇಗೆ?

ಫ್ರಾನ್ಸಿನ ಸಮಾಜಶಾಸ್ತ್ರಜ್ಞ ಮಾರಿಸ್ ಹಾಲ್ಬ್‌ವಾಕ್ಸ್ 1925ರಲ್ಲಿ ಒಂದು ಮಾತನ್ನು ಮುಂದಿಟ್ಟರು. ಮನುಷ್ಯ ಒಬ್ಬನೇ ಕೂತು ನೆನಪಿಟ್ಟುಕೊಳ್ಳುವುದಿಲ್ಲ, ಅವನ ಮನೆ, ವರ್ಗ, ಧರ್ಮ, ಕೆಲಸದ ಗುಂಪು ಅವನ ನೆನಪಿಗೆ ಚೌಕಟ್ಟು ಕೊಡುತ್ತವೆ ಎಂದು. ಕೇಳಲು ದೊಡ್ಡ ಸಿದ್ಧಾಂತ. ಆದರೆ ಒಂದೇ ಪಾಳಿಯಲ್ಲಿ ದುಡಿದ ಇಬ್ಬರನ್ನು ಎದುರುಬದುರು ಕೂರಿಸಿ ನೋಡಿ. ಒಬ್ಬರು ಮರೆತ ಹೆಸರನ್ನು ಇನ್ನೊಬ್ಬರು ಎತ್ತಿಕೊಡುತ್ತಾರೆ. ‘ಅವನಲ್ಲ, ಅವನ ತಮ್ಮ’ ಎಂದು ತಿದ್ದುತ್ತಾರೆ. ತಿದ್ದಿದ್ದು ಒಪ್ಪದೆ ಜಗಳವಾಡುತ್ತಾರೆ. ಒಬ್ಬರೇ ಇದ್ದಾಗ ಅರ್ಧ ಗಂಟೆಯಲ್ಲಿ ಮುಗಿಯುವ ಮಾತು ಇಬ್ಬರಿದ್ದರೆ ಇಡೀ ಮಧ್ಯಾಹ್ನ ನಡೆಯುತ್ತದೆ.

ಇದರಿಂದ ಇನ್ನೊಂದೂ ತಿಳಿಯುತ್ತದೆ. ಗುಂಪು ಚದುರಿದರೆ ನೆನಪೂ ಚದುರುತ್ತದೆ. ಕೆಜಿಎಫ್‌ನಲ್ಲಿ ಆದದ್ದು ಅದೇ. ಗಣಿ ಮುಚ್ಚಿದ ಮೇಲೆ ಸಾವಿರಾರು ಜನ ಬೆಳಗಾಗುವ ಮುಂಚೆ ಮಾರಿಕುಪ್ಪಂ ರೈಲು ಹತ್ತಿ ಬೆಂಗಳೂರಿಗೆ ಕೆಲಸಕ್ಕೆ ಹೋಗಿ, ಕತ್ತಲಾದ ಮೇಲೆ ಮರಳುವ ಬದುಕಿಗೆ ಒಗ್ಗಿಕೊಂಡರು. ಕೆಲವರು ಊರನ್ನೇ ಬಿಟ್ಟರು. ಆಂಗ್ಲೋ ಇಂಡಿಯನ್ ಮನೆತನಗಳು ಸ್ವಾತಂತ್ರ್ಯದ ನಂತರದ ದಶಕಗಳಲ್ಲೇ ಆಸ್ಟ್ರೇಲಿಯಾ, ಬ್ರಿಟನ್ ಕಡೆ ಹೊರಟಿದ್ದವು. ಹೀಗಾಗಿ ಊರಿನ ನೆನಪಿನ ಒಂದು ತುಂಡು ಆಂಡರ್ಸನ್‌ಪೇಟೆಯಲ್ಲಿದೆ, ಒಂದು ಬೆಂಗಳೂರಿನಲ್ಲಿ, ಇನ್ನೊಂದು ಸಮುದ್ರದಾಚೆ. ಒಂದೊಂದು ತುಂಡೂ ತನ್ನದೇ ಇಡೀ ಊರು ಎಂದುಕೊಂಡಿದೆ!

ವಯಸ್ಸಿನ ಲೆಕ್ಕವೂ ಗೊತ್ತಿರಬೇಕು. ಮನಶ್ಶಾಸ್ತ್ರಜ್ಞರು ಮತ್ತೆ ಮತ್ತೆ ಕಂಡುಕೊಂಡ ಸಂಗತಿ ಇದು: ವಯಸ್ಸಾದವರಿಗೆ ಬದುಕಿನ ಬೇರೆ ಭಾಗಕ್ಕಿಂತ ಸುಮಾರು 10ರಿಂದ 30ನೇ ವಯಸ್ಸಿನ ನೆನಪು ಜಾಸ್ತಿ ಮತ್ತು ನಿಚ್ಚಳ. ಈಗ 75ರ ಆಸುಪಾಸಿನಲ್ಲಿರುವವರ ಬಳಿ ಗಟ್ಟಿಯಾಗಿ ಸಿಗುವುದು 1960ರಿಂದ 1980ರ ಕೆಜಿಎಫ್. ರಾಜ್ಯ ಸರ್ಕಾರ 1956ರಲ್ಲಿ ವಹಿಸಿಕೊಂಡಿದ್ದ ಗಣಿ ಕೇಂದ್ರದ ಕೈ ಸೇರಿ, 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಎಂಬ ಕಂಪನಿಯಾದ ಕಾಲ. ಅವರನ್ನು 1930ರ ಮುಷ್ಕರದ ಬಗ್ಗೆ ಕೇಳಿದರೆ ಸಿಗುವುದು ಅಪ್ಪನಿಂದಲೋ ಅಜ್ಜನಿಂದಲೋ ಕೇಳಿದ್ದು. ಕೇಳಿದ್ದಕ್ಕೂ ಬೆಲೆ ಇದೆ. ಆದರೆ ಬರೆದಿಡುವಾಗ ‘ಕಂಡದ್ದು’, ‘ಕೇಳಿದ್ದು’ ಬೇರೆ ಬೇರೆ ಮಾಡಿಡಬೇಕು. ಊರಿನ ಇತಿಹಾಸ ಎಂದು ಅಚ್ಚಾಗುವ ಎಷ್ಟೋ ಪುಸ್ತಿಕೆಗಳು ಎಡವುವುದು ಈ ಒಂದು ಹೆಜ್ಜೆಯಲ್ಲಿ.

ನೆನಪು ತಪ್ಪಾದರೆ? ಅದಕ್ಕೆ ಇಟಲಿಯ ತೆರ್ನಿ ಎಂಬ ಉಕ್ಕಿನ ಕಾರ್ಖಾನೆಯ ಪಟ್ಟಣದಲ್ಲಿ ಒಂದು ಪ್ರಸಿದ್ಧ ಉದಾಹರಣೆ ಇದೆ. 1949ರ ಮಾರ್ಚ್‌ನಲ್ಲಿ ಇಟಲಿ ನ್ಯಾಟೊ ಎಂಬ ಸೇನಾ ಒಪ್ಪಂದ ಸೇರುವುದನ್ನು ವಿರೋಧಿಸಿ ಕಾರ್ಮಿಕರು ಬೀದಿಗಿಳಿದಾಗ, ಲುಯಿಜಿ ತ್ರಸ್ತುಲ್ಲಿ ಎಂಬ ಯುವ ಕಾರ್ಮಿಕ ಪೊಲೀಸರ ಕೈಯಲ್ಲಿ ಸತ್ತ. ಇತಿಹಾಸಕಾರ ಅಲೆಸ್ಸಾಂಡ್ರೊ ಪೋರ್ತೆಲ್ಲಿ ವರ್ಷಗಳ ನಂತರ ಊರಿನವರನ್ನು ಮಾತಾಡಿಸಿದಾಗ ಹಲವರು ಆ ಸಾವನ್ನು 1953ಕ್ಕೆ ತಂದಿಟ್ಟರು. ಕಾರ್ಖಾನೆ ಸಾವಿರಾರು ಜನರನ್ನು ಕೆಲಸದಿಂದ ತೆಗೆದ, ಊರು ಹೊತ್ತಿ ಉರಿದ ವರ್ಷ ಅದು. ಅವರು ಸುಳ್ಳು ಹೇಳುತ್ತಿರಲಿಲ್ಲ. ತಮ್ಮ ಹುಡುಗ ದೂರದ ಯಾವುದೋ ಒಪ್ಪಂದದ ವಿಷಯಕ್ಕೆ ಸತ್ತ ಎನ್ನುವುದಕ್ಕಿಂತ, ತಮ್ಮ ಅನ್ನಕ್ಕಾಗಿ ಸತ್ತ ಎನ್ನುವುದು ಅವರ ಮನಸ್ಸಿಗೆ ಸರಿ ಎನಿಸಿತ್ತು. ತಾರೀಖು ತಪ್ಪು. ಆದರೆ ಆ ತಪ್ಪಿನಿಂದಲೇ ಊರಿಗೆ ಎಲ್ಲಿ ನೋವಾಗಿತ್ತು ಎಂದು ತಿಳಿಯಿತು.

ಕೆಜಿಎಫ್‌ನಲ್ಲೂ 1946ರ ಮುಷ್ಕರದ ವೇಳೆ ಗೋಲಿಬಾರ್ ನಡೆದು ಕಾರ್ಮಿಕರು ಸತ್ತರು. ಅಂಥ ಘಟನೆಯ ಬಗ್ಗೆ ಮೂರು ಮನೆಯಲ್ಲಿ ಮೂರು ಕತೆ ಸಿಕ್ಕರೆ ಒಂದನ್ನು ಆರಿಸಿ ಉಳಿದೆರಡನ್ನು ಬಿಸಾಡಬಾರದು. ಮೂರನ್ನೂ ಇಟ್ಟು, ಪಕ್ಕದಲ್ಲಿ ದಾಖಲೆ ಏನು ಹೇಳುತ್ತದೆ ಎಂದು ಬರೆಯಬೇಕು. ಓದುವವರು ದಡ್ಡರಲ್ಲ.

ಕೇಳುವ ಬಗೆ

‘ನಿಮ್ಮ ಗಣಿ ಜೀವನದ ಬಗ್ಗೆ ಹೇಳಿ’ ಎಂದರೆ ಭಾಷಣ ಬರುತ್ತದೆ. ಚಿನ್ನದ ನಾಡು, ಆ ಕಾಲದ ವೈಭವ, ಈಗ ಎಲ್ಲ ಹಾಳಾಯಿತು. ಪಾಪ, ಅವರ ತಪ್ಪಲ್ಲ. ಪ್ರಶ್ನೆಯೇ ಹಾಗಿದೆ.

ಬದಲಿಗೆ ಒಂದು ದಿನವನ್ನು ಹಿಡಿಯಿರಿ. ಬೆಳಗಿನ ಪಾಳಿಗೆ ಮನೆಯಿಂದ ಎಷ್ಟು ಹೊತ್ತಿಗೆ ಹೊರಡುತ್ತಿದ್ದಿರಿ? ಯಾವ ದಾರಿ? ಡಬ್ಬಿಯಲ್ಲಿ ಏನು ಇರುತ್ತಿತ್ತು? ಯಾವ ಶಾಫ್ಟ್ (ಗಣಿಗಿಳಿಯುವ ಬಾವಿ), ಗಿಫರ್ಡಾ, ಹೆನ್ರೀಸಾ? ಕೇಜ್‌ನಲ್ಲಿ ಒಟ್ಟಿಗೆ ಎಷ್ಟು ಜನ ನಿಲ್ಲುತ್ತಿದ್ದಿರಿ? ಕಿವಿ ಎಲ್ಲಿ ಕಟ್ಟಿಕೊಳ್ಳುತ್ತಿತ್ತು? ಗಣಿಯ ತಳದಲ್ಲಿ ಬಂಡೆಯ ಬಿಸಿಯೇ 60 ಡಿಗ್ರಿ ದಾಟುತ್ತಿತ್ತು. ಯಂತ್ರದಿಂದ ತಂಪು ಗಾಳಿ ಕೆಳಗೆ ಕಳಿಸಬೇಕಿತ್ತು. ಅಲ್ಲಿ ಮೈಮೇಲೆ ಏನು ಹಾಕಿಕೊಳ್ಳುತ್ತಿದ್ದಿರಿ, ಕುಡಿಯುವ ನೀರು ಎಲ್ಲಿಂದ? ಮೇಲೆ ಬಂದ ಮೇಲೆ ತಪಾಸಣೆ ಹೇಗೆ ಮಾಡುತ್ತಿದ್ದರು, ಯಾರು? ಸಂಬಳದ ದಿನ ಗೇಟಿನ ಹೊರಗೆ ಯಾರು ಕಾಯುತ್ತಿದ್ದರು: ಹೆಂಡತಿಯಾ, ಸಾಲ ಕೊಟ್ಟವನಾ? ಇಷ್ಟು ಕೇಳುವ ಹೊತ್ತಿಗೆ ಭಾಷಣ ನಿಂತು ಮಾತು ಶುರುವಾಗಿರುತ್ತದೆ.

ಕೂತು ಕೇಳುವುದಕ್ಕಿಂತ ನಡೆಯುತ್ತಾ ಕೇಳುವುದು ಇನ್ನೂ ಒಳ್ಳೆಯದು. ನೆನಪು ಜಾಗಕ್ಕೆ ಅಂಟಿಕೊಂಡಿರುತ್ತದೆ. ಮುರಿದ ನಲ್ಲಿಯ ಕಟ್ಟೆ ಕಂಡಾಗ ಅಲ್ಲಿ ನಡೆದ ನೀರಿನ ಜಗಳ ನೆನಪಾಗುತ್ತದೆ, ಕಟ್ಟೆ ಕಾಣದಿದ್ದರೆ ನೆನಪಾಗುವುದೇ ಇಲ್ಲ. ಕೆಜಿಎಫ್‌ಗೆ ಈ ಅನುಕೂಲ ಇನ್ನೂ ಇದೆ. ಲಿಂಗನಮಕ್ಕಿಯ ಹಿನ್ನೀರಿನಲ್ಲಿ ಊರು ಕಳೆದುಕೊಂಡವರಿಗೆ, ಆಲಮಟ್ಟಿಯ ನೀರಿನಿಂದಾಗಿ ಹಳೇ ಬಾಗಲಕೋಟೆಯ ಮನೆ ಬಿಟ್ಟು ನವನಗರಕ್ಕೆ ಬಂದವರಿಗೆ ಅದೂ ಇಲ್ಲ.

ನಡೆಯಲು ಆಗದವರಿಗೆ ನಕ್ಷೆ. ನೆಲದ ಮೇಲೆ ದೊಡ್ಡ ಹಾಳೆ ಹಾಸಿ, ರೈಲು ಹಳಿ ಮತ್ತು ಒಂದೆರಡು ಶಾಫ್ಟ್ ಮಾತ್ರ ಗುರುತು ಮಾಡಿ, ಉಳಿದದ್ದನ್ನು ಅವರೇ ತುಂಬಲಿ. ರೇಷನ್ ಅಂಗಡಿ, ಹೆಂಡದಂಗಡಿ, ಯೂನಿಯನ್ ಆಫೀಸ್, ಸೈರನ್, ಆಸ್ಪತ್ರೆ, ಹೆಣ ಹೂಳುವ ಜಾಗ. ಸಣ್ಣವರಿದ್ದಾಗ ಎಲ್ಲಿಯವರೆಗೆ ಆಡಲು ಹೋಗಬಹುದಿತ್ತು, ಎಲ್ಲಿಂದಾಚೆ ಕಾವಲುಗಾರ ಓಡಿಸುತ್ತಿದ್ದ ಎಂಬ ಗೆರೆಯನ್ನೂ ಬರೆಸಿ. ನನ್ನ ಪ್ರಕಾರ ಊರಿನ ಚರಿತ್ರೆಯಲ್ಲಿ ಅತಿ ಮುಖ್ಯವಾದ ಗೆರೆ ಅದೇ. ಗಂಡಸರದೂ ಹೆಂಗಸರದೂ ನಕ್ಷೆ ಬೇರೆ ಬೇರೆ ಮಾಡಿಸಿದರೆ ಎರಡೂ ಒಂದೇ ಊರಿನವು ಎಂದು ನಂಬುವುದು ಕಷ್ಟವಾಗಬಹುದು. ಗಣಿಯೊಳಗೆ ಇಳಿದವರು ಗಂಡಸರು. ನೆಲದ ಮೇಲಿನ ಊರನ್ನು ಚೆನ್ನಾಗಿ ಬಲ್ಲವರು ಹೆಂಗಸರು.

ಹೇಳಿದ್ದನ್ನು ತಾಳೆ ನೋಡಲು ಕೆಜಿಎಫ್‌ನಲ್ಲಿ ಒಂದು ವಿಚಿತ್ರ ಅನುಕೂಲ ಇದೆ. ಆಳದಲ್ಲಿ ಬಂಡೆ ಒತ್ತಡ ತಾಳದೆ ಸಿಡಿಯುತ್ತಿತ್ತು. ಹಳಬರು ಏರ್ ಬ್ಲಾಸ್ಟ್ ಎಂದು ಕರೆಯುತ್ತಿದ್ದರು. ದೊಡ್ಡದಾದರೆ ಮೇಲೆ ಮನೆಗಳು ನಡುಗಿ, ಗೋಡೆ ಬಿರುಕು ಬಿಡುತ್ತಿತ್ತು. ಗಣಿಯವರು ಇದಕ್ಕೆಂದೇ ಕಂಪನ ಅಳೆಯುವ ಯಂತ್ರ ಇಟ್ಟಿದ್ದರು. ಬಂಡೆಗಳ ಈ ಸ್ವಭಾವದ ಅಧ್ಯಯನಕ್ಕಾಗಿ 1988ರಲ್ಲಿ ರಾಷ್ಟ್ರೀಯ ಶಿಲಾ ಯಂತ್ರಶಾಸ್ತ್ರ ಸಂಸ್ಥೆಯೇ ಇಲ್ಲಿ ಹುಟ್ಟಿತು. ಅಂದರೆ ಒಬ್ಬ ಅಜ್ಜಿ ‘ನನ್ನ ಎರಡನೇ ಮಗು ಹುಟ್ಟಿದ ವರ್ಷ, ಹಬ್ಬದ ಹಿಂದಿನ ರಾತ್ರಿ, ಅಟ್ಟದ ಪಾತ್ರೆಯೆಲ್ಲ ಉರುಳಿ ಬಿತ್ತು’ ಎಂದರೆ ಅದು ಬರೀ ಮಾತಲ್ಲ. ಮಗುವಿನ ಜನನದ ಚೀಟಿ ಒಂದು ಕಡೆ, ಕಂಪನದ ದಾಖಲೆ ಇನ್ನೊಂದು ಕಡೆ ಇಟ್ಟರೆ ರಾತ್ರಿಯೇ ಸಿಕ್ಕಿಬಿಡಬಹುದು. ಯಂತ್ರ ಬರೆದುಕೊಂಡದ್ದು ನೆಲ ಎಷ್ಟು ನಡುಗಿತು ಎಂದು. ಆ ಹೊತ್ತಿಗೆ ಗಂಡ ಕೆಳಗಿದ್ದನೋ ಮೇಲಿದ್ದನೋ, ಎಷ್ಟು ಹೆಂಗಸರು ಶಾಫ್ಟ್ ಬಳಿ ಓಡಿದರು, ಯಾರ ಹೆಸರು ಕೂಗಿದರು ಎನ್ನುವುದನ್ನು ಅಜ್ಜಿಯೇ ಹೇಳಬೇಕು.

ಇದೇ ರೀತಿ 1965ರ ಕತೆ. ಚಾಂಪಿಯನ್ ರೀಫ್ಸ್ ಗಣಿಯಲ್ಲಿ 2 ಕಿಲೋಮೀಟರ್‌ಗೂ ಕೆಳಗೆ, ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯವರು ಜಪಾನ್ ಮತ್ತು ಬ್ರಿಟನ್ನಿನ ವಿಜ್ಞಾನಿಗಳ ಜೊತೆ ಸೇರಿ ವಾತಾವರಣದಲ್ಲಿ ಹುಟ್ಟಿದ ನ್ಯೂಟ್ರಿನೊ ಎಂಬ ಅತಿಸೂಕ್ಷ್ಮ ಕಣಗಳನ್ನು ಪತ್ತೆ ಹಚ್ಚಿದರು. ಜಗತ್ತಿನಲ್ಲೇ ಮೊದಲ ಸಲ ಅದನ್ನು ಕಂಡವರಲ್ಲಿ ಇವರೂ ಸೇರುತ್ತಾರೆ. ವಿಜ್ಞಾನಿಗಳ ಹೆಸರು ಪ್ರಬಂಧಗಳಲ್ಲಿ ಭದ್ರವಾಗಿದೆ. ಆ ಉಪಕರಣಗಳು ಶಾಫ್ಟ್ ಇಳಿದು, ಸುರಂಗದಲ್ಲಿ ಸಾಗಿ, ಜಾಗ ಸೇರಿದ್ದರಲ್ಲಿ ಗಣಿಯವರ ಶ್ರಮವೂ ಇದೆ. ‘ಅವರು ಕೆಳಗೆ ಏನು ಹುಡುಕುತ್ತಿದ್ದಾರೆ ಎಂದು ನೀವೆಲ್ಲ ಅಂದುಕೊಂಡಿದ್ದಿರಿ?’ ಈ ಪ್ರಶ್ನೆ ಕೇಳಿದರೆ ಬರುವ ಉತ್ತರಗಳನ್ನು ಓದಲು ನಾನಂತೂ ಕಾಯುತ್ತಿದ್ದೇನೆ.

ಸವಿನೆನಪಿನ ಅಪಾಯ

ಕೆಜಿಎಫ್‌ಗೆ ‘ಲಿಟಲ್ ಇಂಗ್ಲೆಂಡ್’ ಎಂದು ಅಡ್ಡಹೆಸರು. ತಂಪು ಹವೆ, ಬಂಗಲೆ, ತೋಟ, ಕ್ಲಬ್, ಗಾಲ್ಫ್. ಜಾನ್ ಟೇಲರ್ ಕಂಪನಿ 1880ರಲ್ಲಿ ಗಣಿಯ ಆಡಳಿತ ಹಿಡಿದ ಮೇಲೆ ಕಾರ್ನ್‌ವಾಲ್‌ನಿಂದ ನುರಿತ ಗಣಿಗಾರರು ಬಂದರು, ಇಟಲಿಯವರೂ ಬಂದರು. ಅವರಿಗಾಗಿ ಕಟ್ಟಿದ ಜಗತ್ತು ಅದು. ಹಳೇ ಫೋಟೊಗಳಲ್ಲಿ ಹೆಚ್ಚು ಕಾಣುವುದೂ ಅದೇ, ಯಾಕೆಂದರೆ ಕ್ಯಾಮೆರಾ ಇದ್ದದ್ದು ಅವರ ಕೈಯಲ್ಲಿ.

ಕೆಳಗಿಳಿದು ಬಂಡೆ ಒಡೆದವರಲ್ಲಿ ಬಹುಪಾಲು ಉತ್ತರ ಆರ್ಕಾಟ್, ಸೇಲಂ ಕಡೆಯಿಂದ ಬಂದ ತಮಿಳು ಮಾತಾಡುವ ದಲಿತರು. ಬಿದಿರು ತಟ್ಟಿಯ ಗುಡಿಸಲಿನ ಸಾಲುಗಳಲ್ಲಿ ಅವರ ಊರು ಶುರುವಾಯಿತು. ಹುಟ್ಟೂರಿನ ಜಾತಿಯ ಹಿಡಿತದಿಂದ ತಪ್ಪಿಸಿಕೊಳ್ಳಲು ಈ ಗಣಿ ಅವರಿಗೆ ಒಂದು ದಾರಿಯೂ ಆಯಿತು ಎನ್ನುವುದನ್ನು ಮರೆಯಬಾರದು. ಕೈಗೆ ನಗದು ಸಂಬಳ ಬಂತು, ಮಕ್ಕಳು ಶಾಲೆಗೆ ಹೋದರು. 20ನೇ ಶತಮಾನದ ಆರಂಭದಲ್ಲೇ ತಮಿಳು ಚಿಂತಕ ಅಯೋತಿದಾಸರ ಬೌದ್ಧ ಚಳವಳಿ ಇಲ್ಲಿ ಬೇರೂರಿತು. 1954ರಲ್ಲಿ ಡಾ. ಬಿ.ಆರ್. ಅಂಬೇಡ್ಕರ್ ಇಲ್ಲಿಗೆ ಬಂದಿದ್ದರು. ನಾಗಪುರದ ದೀಕ್ಷೆಗೆ ಎರಡು ವರ್ಷ ಮೊದಲು ಇದು. ಊರಿನ ಪರಂಪರೆ ಎಂದು ಬಂಗಲೆ ಮತ್ತು ಗಡಿಯಾರಗಳ ಫೋಟೊ ಮಾತ್ರ ಹಾಕಿದರೆ ಈ ಅರ್ಧಕ್ಕಿಂತ ದೊಡ್ಡ ಭಾಗ ಹೊರಗೇ ಉಳಿಯುತ್ತದೆ.

ಹಾಗೆಂದು ಬಂಗಲೆಯ ನೆನಪನ್ನು ಬಿಡಬೇಕಾಗಿಲ್ಲ. ಪಕ್ಕಪಕ್ಕದಲ್ಲಿ ಇಡಿ. ಬಂಗಲೆಯ ಮಗು ಹೇಳುವ ಕ್ರಿಸ್‌ಮಸ್ ಕೇಕಿನ ಕತೆಯ ಜೊತೆಗೆ, ಆ ಅಡುಗೆಮನೆಯಲ್ಲಿ ದುಡಿದವರ ಮಗಳು ಹೇಳುವ ಕತೆಯೂ ಬರಲಿ. ದೂಳಿನಿಂದ ಬರುವ ಶ್ವಾಸಕೋಶದ ಕಾಯಿಲೆ ಸಿಲಿಕೋಸಿಸ್ ಬಗ್ಗೆ ದೇಶದ ಮೊದಮೊದಲ ಅಧ್ಯಯನಗಳು 1940ರ ದಶಕದಲ್ಲಿ ನಡೆದದ್ದು ಈ ಗಣಿಯ ಕಾರ್ಮಿಕರ ಮೇಲೆ. ಕೆಮ್ಮುವ ಗಂಡನನ್ನು ವರ್ಷಗಟ್ಟಲೆ ನೋಡಿಕೊಂಡ ಹೆಂಡತಿ ಆ ಕಾಯಿಲೆಯ ಬಗ್ಗೆ ಬಲ್ಲದ್ದು ಯಾವ ಅಧ್ಯಯನದಲ್ಲೂ ಇರಲಾರದು.

ಭಾಷೆಯ ವಿಷಯವನ್ನು ನೇರವಾಗಿ ಹೇಳಿಬಿಡುತ್ತೇನೆ. ಕರ್ನಾಟಕದ ಊರು, ಆದ್ದರಿಂದ ದಾಖಲೆ ಕನ್ನಡದಲ್ಲೇ ಆಗಲಿ ಎಂಬ ಆಸೆ ನಮಗೆ ಸಹಜ. ಆದರೆ ತಮಿಳಿನಲ್ಲಿ ನೆನಪಿಟ್ಟುಕೊಂಡವರನ್ನು ಕನ್ನಡದಲ್ಲಿ ಮಾತಾಡಿಸಿದರೆ ಸಿಗುವುದು ಸಾರಾಂಶ. ಅವರ ಮಾತು ಅವರ ಭಾಷೆಯಲ್ಲೇ ರೆಕಾರ್ಡ್ ಆಗಲಿ, ಕನ್ನಡದ ಅನುವಾದ ಜೊತೆಗೆ ಇರಲಿ. ಸುತ್ತಲಿನ ಹಳ್ಳಿಗಳ ಕನ್ನಡ, ತೆಲುಗು ಮಾತಾಡುವ ರೈತರನ್ನೂ ಬಿಡಬಾರದು. ಗಣಿ ಬರುವ ಮುಂಚೆ ಆ ನೆಲ ಯಾರ ಹೊಲವಾಗಿತ್ತು ಎನ್ನುವುದು ಅವರ ಮನೆಯ ಕತೆ. 1802ರಲ್ಲಿ ಬ್ರಿಟಿಷ್ ಅಧಿಕಾರಿ ಜಾನ್ ವಾರೆನ್‌ಗೆ ಮಣ್ಣು ತೊಳೆದು ಚಿನ್ನದ ಕಣ ತೋರಿಸಿದವರು ಇಲ್ಲಿಯ ಹಳ್ಳಿಯವರೇ.

ಕೊನೆಗೆ ಒಂದು ಸೂಕ್ಷ್ಮ. ಚಿನ್ನದ ಊರಿನಲ್ಲಿ ಚಿನ್ನ ಕದ್ದ ಕತೆಗಳೂ ಇರುತ್ತವೆ. ಕಳ್ಳತನ ತಡೆಯಲು ಮೈಸೂರು ಸರ್ಕಾರ 1897ರಲ್ಲೇ ಗಣಿ ಕಾನೂನು ತಂದಿತ್ತು. ಇಂಥ ಕತೆ ಹೇಳುವಾಗ ಜನ ಪಕ್ಕದ ಮನೆಯವರ ಹೆಸರನ್ನೂ ಎತ್ತುತ್ತಾರೆ. ರಸವತ್ತಾಗಿದೆ ಎಂದು ಹಾಗೇ ಎಲ್ಲರ ಮುಂದೆ ಇಡಬಾರದು. ಮಾತಾಡಿದವರಿಗೆ ರೆಕಾರ್ಡಿಂಗ್ ಕೇಳಿಸಿ, ಯಾವುದನ್ನು ಈಗ ತೆರೆಯಬಹುದು, ಯಾವುದನ್ನು ಇಷ್ಟು ವರ್ಷ ಮುಚ್ಚಿಡಬೇಕು, ಯಾವುದನ್ನು ಅಳಿಸಬೇಕು ಎಂದು ಅವರಿಂದಲೇ ಬರೆಸಿಕೊಳ್ಳಬೇಕು. ಒಪ್ಪಿಗೆ ಎಂದರೆ ಶುರುವಿನಲ್ಲಿ ಒಂದು ಸಹಿ ಎಂದು ತಿಳಿದವರೇ ಜಾಸ್ತಿ. ಹೇಳುವ ಮುಂಚೆ ತಾನು ಏನು ಹೇಳುತ್ತೇನೆಂದು ಹೇಳುವವರಿಗೇ ಗೊತ್ತಿರುವುದಿಲ್ಲ, ಅಲ್ವಾ?

ಟ್ರಂಕಿನಿಂದ ಕಪಾಟಿಗೆ

ತಾಂತ್ರಿಕ ಭಾಗ ಹೆಚ್ಚು ಕಷ್ಟವಿಲ್ಲ, ಆದರೆ ಶಿಸ್ತು ಬೇಕು.

ಎಲ್ಲರೂ ಮೊದಲು ಮಾಡುವುದು ವಾಟ್ಸ್‌ಆ್ಯಪ್ ಗುಂಪು. ಜನರನ್ನು ಸೇರಿಸಲು ಅದು ಒಳ್ಳೆಯದೇ. ಕೂಡಿಡಲು ಬೇಡ. ಫೋಟೊ ಅಲ್ಲಿ ಕುಗ್ಗಿ ಬರುತ್ತದೆ, ಅದರೊಳಗಿನ ತಾರೀಖಿನ ಮಾಹಿತಿ ಕಳಚಿಹೋಗುತ್ತದೆ, ಹತ್ತು ದಿನದಲ್ಲಿ ಗುಡ್ ಮಾರ್ನಿಂಗ್ ಸಂದೇಶಗಳ ಕೆಳಗೆ ಹೂತುಹೋಗುತ್ತದೆ. ಮೂಲ ಫೋಟೊವನ್ನು 600 ಡಿಪಿಐಗೆ ಸ್ಕ್ಯಾನ್ ಮಾಡಿ, ಹಿಂಬದಿಯನ್ನೂ ಮಾಡಿ. ಸ್ಟುಡಿಯೊದ ಮೊಹರು, ಪೆನ್ಸಿಲ್‌ನಲ್ಲಿ ಬರೆದ ಹೆಸರು ಇರುವುದು ಹಿಂಬದಿಯಲ್ಲೇ. ಧ್ವನಿಯನ್ನು ಎಂಪಿ3 ಬದಲು ವೇವ್ ಫೈಲ್ ಆಗಿ ಇಡಿ. ಮೂಲ ಕಾಗದವನ್ನು ಮನೆಯವರಿಗೆ ಅದೇ ದಿನ ವಾಪಸ್ ಕೊಡಿ. ‘ನೋಡಿ ಕೊಡ್ತೀನಿ’ ಎಂದು ಒಯ್ದ ಆಲ್ಬಮ್ ಎಷ್ಟು ಮನೆಗಳಿಗೆ ಮರಳಿಲ್ಲ ಎನ್ನುವುದು ಯಾವ ಊರಿನಲ್ಲಿ ಕೇಳಿದರೂ ತಿಳಿಯುತ್ತದೆ.

ಫೋಟೊಗಳ ಜೊತೆ ಸಣ್ಣಪುಟ್ಟ ಕಾಗದಗಳನ್ನೂ ಕೇಳಬೇಕು. ಸಂಬಳದ ಚೀಟಿ, ಪಿಎಫ್ ಕಾಗದ, ಆಸ್ಪತ್ರೆ ಚೀಟಿ, ಮದುವೆಯ ಕರೆಯೋಲೆ, ಯೂನಿಯನ್ ಕರಪತ್ರ, ಫುಟ್‌ಬಾಲ್ ತಂಡದ ಗುಂಪು ಚಿತ್ರ. ಮನೆಯವರು ‘ಇದರಲ್ಲೇನಿದೆ ಬಿಡಿ’ ಎನ್ನುವ ಕಾಗದವೇ ಹೆಚ್ಚು ಕೆಲಸಕ್ಕೆ ಬರುತ್ತದೆ. ಕಂಪನಿಯ ಕಡತಗಳ ವಿಷಯ ಬೇರೆ. ಸಾರ್ವಜನಿಕ ದಾಖಲೆಗಳ 1993ರ ಕಾಯಿದೆ ಕೇಂದ್ರದ ಉದ್ದಿಮೆಗಳಿಗೂ ಅನ್ವಯಿಸುತ್ತದೆ. ಅವನ್ನು ಮನಸ್ಸಿಗೆ ಬಂದಂತೆ ರದ್ದಿಗೆ ಹಾಕುವಂತಿಲ್ಲ. ಇದನ್ನು ಊರಿನವರು ತಿಳಿದಿದ್ದರೆ ಕೇಳುವ ದನಿಗೆ ಬಲ ಬರುತ್ತದೆ.

ಪ್ರತಿ ವಸ್ತುವಿಗೂ ಐದು ಮಾತು ಬರೆಯಲೇಬೇಕು: ಏನು, ಎಲ್ಲಿ, ಯಾವಾಗ, ಕೊಟ್ಟವರು ಯಾರು, ಹೇಳಿದವರು ಯಾರು. ‘ಯಾವಾಗ’ ಗೊತ್ತಿಲ್ಲದಿದ್ದರೆ ‘ಗಣಿ ಮುಚ್ಚುವ ಮುಂಚೆ’ ಎಂದಾದರೂ ಇರಲಿ. ಮೂರು ಪ್ರತಿ ಮಾಡಿ ಎರಡು ಬಗೆಯ ಸಾಧನದಲ್ಲಿಡಿ, ಒಂದು ಪ್ರತಿ ಊರಿನ ಹೊರಗಿರಲಿ. ಒಬ್ಬ ಉತ್ಸಾಹಿಯ ಲ್ಯಾಪ್‌ಟಾಪಿನಲ್ಲಿ ಇಡೀ ಊರು ಕೂತಿದ್ದರೆ ಅದು ಸಂಗ್ರಹ ಎನಿಸಿಕೊಳ್ಳುವುದಿಲ್ಲ. ಅವರ ಆರೋಗ್ಯದ ಮೇಲೆ ನಿಂತ ಜೂಜು ಅದು. ಸಾರ್ವಜನಿಕ ಗ್ರಂಥಾಲಯ, ಕಾಲೇಜು, ಯಾವುದಾದರೂ ವಿಶ್ವವಿದ್ಯಾಲಯದ ಸಂಗ್ರಹ, ಹೀಗೆ ಕನಿಷ್ಠ ಒಂದು ಸಂಸ್ಥೆಯಾದರೂ ಬರವಣಿಗೆಯಲ್ಲಿ ಒಪ್ಪಿಕೊಂಡಿರಬೇಕು. ಊರಿನವರು ಕೇಳಿದಾಗ ತೋರಿಸುವುದು ಆ ಒಪ್ಪಂದದ ಮೊದಲ ಸಾಲಾಗಿರಲಿ.

ಈ ಎಲ್ಲದರಲ್ಲಿ ಮೊದಲು ಹಿಡಿಯಬೇಕಾದ್ದು ಯಾವುದು ಎಂದು ಕೇಳಿದರೆ, ನಾನು ಸೈನೈಡ್ ಗುಡ್ಡಗಳನ್ನು ತೋರಿಸುತ್ತೇನೆ. ಅದಿರು ಅರೆದು ಚಿನ್ನ ತೆಗೆದ ಮೇಲೆ ಉಳಿದ ಪುಡಿಯನ್ನು ನೂರು ವರ್ಷ ಸುರಿದು ಸುರಿದು ಆದ ದಿಬ್ಬಗಳವು. ಸುಮಾರು 3.3 ಕೋಟಿ ಟನ್. ಸಿನಿಮಾದವರಿಗೆ ಅದು ಮರಳುಗಾಡಿನಂಥ ಸೆಟ್. ಊರಿನವರಿಗೆ ಗಾಳಿಗಾಲದಲ್ಲಿ ಅನ್ನದ ತಟ್ಟೆಗೂ ಬರುವ ದೂಳು. ಮಕ್ಕಳು ಜಾರಿ ಆಡಿದ ಇಳಿಜಾರು ಕೂಡ. ಆ ಪುಡಿಯಲ್ಲಿ ಇನ್ನೂ ಸ್ವಲ್ಪ ಚಿನ್ನ ಉಳಿದಿದೆ. ಅದನ್ನು ಮತ್ತೆ ಸಂಸ್ಕರಿಸುವ ಕೇಂದ್ರದ ಪ್ರಸ್ತಾವಕ್ಕೆ 2024ರಲ್ಲಿ ರಾಜ್ಯ ಸಚಿವ ಸಂಪುಟ ಒಪ್ಪಿಗೆ ಕೊಟ್ಟಿದೆ. ಕೆಲಸ ಸಿಗುತ್ತದೆ ಎಂದು ಕಾಯುವವರಿದ್ದಾರೆ, ದೂಳಿಗೆ ಹೆದರುವವರಿದ್ದಾರೆ. ಎರಡೂ ಮಾತನ್ನು ಈಗಲೇ ರೆಕಾರ್ಡ್ ಮಾಡಬೇಕು. ಪ್ರತಿ ದಿಬ್ಬದ ಫೋಟೊವನ್ನು ನಾಲ್ಕು ದಿಕ್ಕಿನಿಂದ ತೆಗೆದು, ಯಾವ ಗಿರಣಿಯ ಪುಡಿ ಅಲ್ಲಿ ಬಿದ್ದಿತ್ತು ಎಂದು ಗಿರಣಿಯಲ್ಲಿ ದುಡಿದವರಿಂದ ಬರೆಸಿ, ಪಕ್ಕದ ಲೈನುಗಳಲ್ಲಿ ಅದನ್ನು ಏನೆಂದು ಕರೆಯುತ್ತಾರೆ ಎಂದು ಕೇಳಿ ನಕ್ಷೆಗೆ ಹಾಕಬೇಕು. ಯಂತ್ರಗಳು ಬಂದು ಮಣ್ಣು ಎತ್ತಲು ಶುರು ಮಾಡಿದರೆ ಮೊದಲು ಹೋಗುವುದು ಆ ಗುರುತುಗಳು.